ಇಲ್ಲಿ ಒತ್ತಿ

ತಾಲಿನ್‌ನಿಂದ ಬಂದ ಮಾರಿಕಾ ಕೋಟು ಕಳಚುವ ಮೊದಲೇ
ನನ್ನ ಮೇಜಿನ ಮೌಸ್ ಕಿತ್ತು ಜೇಬಿಗೆ ಹಾಕಿಕೊಂಡಳು.
ಕೊರಳಿನ ಉಣ್ಣೆಶಾಲು ತೆಗೆದು ಪರದೆಗೆ ಮುಸುಕು ಹಾಕಿದಳು,
ಹೆಣದ ಮುಖಕ್ಕೆ ಹಾಕುವಂತೆ.
"ಟೀಯು, ನಿನ್ನ ಪುಟ ಈಗ ನೀನೇ ಕೇಳು."

ಹನ್ನೆರಡು ವರ್ಷದಿಂದ ಹೀಯುಮಾ ದ್ವೀಪದ ಸುದ್ದಿಯೆಲ್ಲ ಏರಿಸಿದವಳು ನಾನು:
ಕಸದ ಗಾಡಿಯ ದಿನ, ಕಳೆದುಹೋದ ಬೆಕ್ಕು, ಹಡಗಿನ ವೇಳೆ,
ಚಳಿಗೆ ಸಮುದ್ರ ಹೆಪ್ಪುಗಟ್ಟಿದ ವರ್ಷ
ಅದರ ಬೆನ್ನಮೇಲೆ ಹಾಯುವ ದಾರಿ.
ಮುಖ್ಯವಾದದ್ದಕ್ಕೆ ಕೆಂಪು ಬಳಿಯುತ್ತಿದ್ದೆ,
ಇನ್ನೂ ಮುಖ್ಯವಾದರೆ ದಪ್ಪಕ್ಷರ,
ತೀರಾ ಮುಖ್ಯವಾದರೆ ಮೂರು ಆಶ್ಚರ್ಯಸೂಚಕ.

ಯಂತ್ರದ ದನಿ ಉಸಿರು ತೆಗೆಯದೆ ಓದಿತು.
ಕೆಂಪಿಗೆ ಕೆಂಪಿಲ್ಲ, ದಪ್ಪಕ್ಕೆ ದಪ್ಪವಿಲ್ಲ.
"ಚಿತ್ರ. ಐ ಎಮ್ ಜಿ ನಾಲ್ಕು ನಾಲ್ಕು ಏಳು ಒಂದು.
ಕೊಂಡಿ, ಇಲ್ಲಿ ಒತ್ತಿ. ಕೊಂಡಿ, ಇಲ್ಲಿ ಒತ್ತಿ. ಕೊಂಡಿ, ಇಲ್ಲಿ ಒತ್ತಿ."
ಎಲ್ಲಿ? ಅಂದೆ, ಯಂತ್ರಕ್ಕೆ.
"ಎಂಡೆಲ್ ಕೂಡ ಅದನ್ನೇ ಕೇಳಿದ್ದು."

ಎಂಡೆಲ್ ಗೊತ್ತು. ಪಿಯಾನೊಗಳ ಶ್ರುತಿ ಸರಿಮಾಡುತ್ತಿದ್ದ, ಕಣ್ಣು ಕಾಣದ ಮುದುಕ.
ಹೆಂಡತಿ ಲೈನೆ ಕಾರು ಓಡಿಸುತ್ತಾಳೆ, ದಾರಿ ಓದುವುದು ಅವನು.
ಗಡ್ಡೆಯ ಮೇಲೆ ಸೀಟುಬೆಲ್ಟು ಕಟ್ಟಕೂಡದು,
ಇಪ್ಪತ್ತೈದರ ಒಳಗಿರು, ಇಲ್ಲ ನಲವತ್ತು ದಾಟು,
ನಡುವಿನ ವೇಗಕ್ಕೆ ಅಡಿಯ ನೀರು ಅಲೆಯೇಳುತ್ತದೆ,
ಎಲ್ಲ ಅವನಿಗೆ ಬಾಯಿಪಾಠ.
ಸಿಗದೆ ಹೋದದ್ದು ಒಂದೇ ಸಾಲು: ಇಂದು ದಾರಿ ಮುಚ್ಚಿದೆ.
ಅದನ್ನು ನಾನು ಚಿತ್ರದೊಳಗೆ ಬರೆದಿದ್ದೆ,
ಮೇಯರ್ ಶುಭಾಶಯ, ಪ್ರಾಯೋಜಕರ ಚಿಹ್ನೆ, ಎಲ್ಲ ಮುಗಿದ ಮೇಲೆ.

ಮೈನಸ್ ಹದಿನೆಂಟರಲ್ಲಿ ತಡೆಗಂಬದ ಮುಂದೆ
ಒಂದು ಗಂಟೆ ಕೂತಿದ್ದರಂತೆ ಇಬ್ಬರೂ,
ಯಾರಾದರೂ ಬಂದು ಎತ್ತುತ್ತಾರೆ ಅಂತ.
ದೂರು ಕೊಡಲಿಲ್ಲ. ಆಮೇಲೆ ದಿನಾ ಬೆಳಗ್ಗೆ ಫೋನು: "ದಾರಿ ಇದೆಯಾ?"
ನನಗೋ ಕಿರಿಕಿರಿ. ಪುಟದಲ್ಲಿದೆಯಲ್ಲ! ಅನ್ನುತ್ತಿದ್ದೆ,
ಮೂರು ಆಶ್ಚರ್ಯಸೂಚಕದ ದನಿಯಲ್ಲಿ.

ಮಧ್ಯಾಹ್ನವೆಲ್ಲ ಪುಟ ಬಿಚ್ಚಿದೆವು, ಹಳೆಯ ಸ್ವೆಟರ್ ಬಿಚ್ಚಿದಂತೆ.
"ದಪ್ಪಗಿದ್ದದ್ದೆಲ್ಲ ತಲೆಬರಹವಲ್ಲ.
ಇದು ತಲೆಬರಹ ಅಂತ ಯಂತ್ರಕ್ಕೂ ಹೇಳಿರಬೇಕು.
ದೊಡ್ಡದು ಒಂದು, ಅದರಡಿ ಎರಡನೆಯವು, ಅವುಗಳ ಮಕ್ಕಳು ಅವುಗಳಡಿ.
ಎಂಡೆಲ್ ಒಂದೇ ಕೀಲಿ ಒತ್ತಿ ತಲೆಯಿಂದ ತಲೆಗೆ ಹಾರುತ್ತಾನೆ.
ತಲೆಬುಡವಿಲ್ಲದ ಕಡೆ ಕಾಲು ಎಲ್ಲಿಡಲಿ?"
ಗಡ್ಡೆದಾರಿಯ ಇಕ್ಕೆಲ ಜುನಿಪರ್ ಕೊಂಬೆ ನೆಡುತ್ತಾರೆ ನಮ್ಮವರು,
ಹಿಮ ಬೀಸಿದಾಗ ಒಂದರಿಂದ ಇನ್ನೊಂದಕ್ಕೆ ಕಣ್ಣಿಟ್ಟು ದಾಟಲು.
ನೆನಪಾಯಿತು. ಹೇಳಲಿಲ್ಲ.
ತಾಲಿನ್‌ನವರಿಗೆ ಎಲ್ಲವನ್ನೂ ಹೇಳಬೇಕೆಂದೇನಿಲ್ಲ.

ಮೇಯರ್ ಕೆಳಗಿಳಿದರು (ಅವರಿಗೆ ನಾಳೆ ತಿಳಿಸಬೇಕು).
"ಇಲ್ಲಿ ಒತ್ತಿ" ಹೋಗಿ "ಹಡಗಿನ ವೇಳಾಪಟ್ಟಿ" ಬಂತು.
"ಪ್ರತಿಕೂಲ ಹವಾಮಾನದ ಹಿನ್ನೆಲೆಯಲ್ಲಿ ಸಂಚಾರಕ್ಕೆ
ಅವಕಾಶ ಕಲ್ಪಿಸಲು ಸಾಧ್ಯವಾಗದಿರುವುದರಿಂದ"
ಎಂಬಲ್ಲಿ ಮಾರಿಕಾ ಬೆರಳಿಟ್ಟಳು.
"ನಿನ್ನ ತಂಗಿಗೆ ಫೋನಿನಲ್ಲಿ ಹೀಗೆ ಹೇಳ್ತೀಯಾ?"
ಇಲ್ಲ. ಬರಬೇಡ್ವೇ, ಗಡ್ಡೆ ಬಿರುಕು ಬಿಟ್ಟಿದೆ, ಅಂತೀನಿ.
"ಅದನ್ನೇ ಬರಿ."

ಹಣೆಬರಹ ಬರೆಯುವವನಿಗೆ ಯಾರೂ ತರಬೇತಿ ಕೊಟ್ಟಂತಿಲ್ಲ.
ತಲೆಬರಹವಾದರೂ ನನ್ನ ಕೈಲಿದೆ.

ಫೆಬ್ರವರಿ ಒಂಬತ್ತು, ಬೆಳಗ್ಗೆ ಆರೂಕಾಲು. ಗಾಳಿ ತಿರುಗಿತ್ತು.
ಮೊದಲ ಸಾಲು: ಗಡ್ಡೆದಾರಿ ಇಂದು ಮುಚ್ಚಿದೆ.
ಆಮೇಲೆ ಯಾಕೆ, ಎಷ್ಟು ಹೊತ್ತಿನವರೆಗೆ, ಹಡಗು ಎಷ್ಟು ಗಂಟೆಗೆ.
ಚಿತ್ರ ಹಾಕುವ ಆಸೆಯಾಯಿತು. ಹಾಕಲಿಲ್ಲ.

ಏಳಕ್ಕೆ ಫೋನು.
"ಟೀಯು?"
ಹೇಳಿ, ಎಂಡೆಲ್.
"ಏನಿಲ್ಲ. ಇವತ್ತು ಫೋನ್ ಮಾಡಬೇಕಾಗಲಿಲ್ಲ.
ಅದನ್ನು ಹೇಳೋಣ ಅಂತ ಮಾಡಿದೆ."
ಅವನ ಹಿಂದೆ ಲೈನೆ ಕಾಫಿ ಲೋಟ ಕುಕ್ಕಿದ ಸದ್ದು.
ಅದು ಯಾವ ಸ್ವರವೋ, ಅವನಿಗೆ ಗೊತ್ತಿರುತ್ತದೆ.