ಮೂರನೇ ಟ್ರಾಂಬೋನಿನ ಹಲ್ಲು

ಪುಟಕ್ಕೆ ಹನ್ನೆರಡು ಸೆಂಟು ನನ್ನ ಕೂಲಿ.
ಥಡಿಯಸ್ ಪ್ರೂಯಿಟ್ ಬರೆದದ್ದನ್ನು
ಹದಿನೈದು ಜನಕ್ಕೆ ಹದಿನೈದು ಹಾಳೆಯಾಗಿ ಬಿಡಿಸಿ
ಬೆಳಗಾಗುವುದರೊಳಗೆ ಒಣಗಿಸಿ ಕೊಡಬೇಕು.
ಕ್ಯಾನ್ಸಸ್ ಸಿಟಿ, ಮೂವತ್ತಾರನೇ ಇಸವಿ.
ಕೆಳಗೆ ಕ್ಷೌರದಂಗಡಿ, ಮೇಲೆ ನನ್ನ ಮೇಜು,
ಲೇಖನಿ ಒತ್ತಿ ಗಂಟುಕಟ್ಟಿದ ನಡುಬೆರಳು.

ಆಗ ಅವನಿಗೆ ಇಪ್ಪತ್ತೈದು. ಪುಟದಲ್ಲಿ
ಇರುವೆ ಓಡಾಡಲೂ ಜಾಗ ಬಿಡುತ್ತಿರಲಿಲ್ಲ.
ಟ್ರಂಪೆಟ್ಟು ಕೂಗಿದರೆ ಸ್ಯಾಕ್ಸೋಫೋನು ಎದುರುತ್ತರ,
ಬೆನ್ನಿಗೇ ಟ್ರಾಂಬೋನು, ಅದರ ಹೆಗಲೇರಿ ಕ್ಲಾರಿನೆಟ್ಟು,
ಮದುವೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವ ಹಾಗೆ.
‘ಉಸಿರು ಎಲ್ಲಿ ತಗೋಬೇಕಪ್ಪ?’ ಎಂದ ಬ್ಯಾರಿಟೋನಿನ ಆರ್ವಿಲ್.
‘ಮನೆಗೆ ಹೋಗಿ ತಗೋ.’
ಜನ ಕುಣಿದರು. ನೆಲದ ಹಲಗೆ ಎರಡು ಸಲ ಮುರಿಯಿತು.
ನನಗೂ ಆ ವರ್ಷ ಹೊಸ ಕೋಟು.

ಆಮೇಲೆ ಟುಲ್ಸಾದ ದಾರಿಯ ಪೆಟ್ರೋಲ್ ಬಂಕಿನಲ್ಲಿ
ನೀರು ಕೇಳಿದ್ದಕ್ಕೆ, ಹೌದು, ಬರೀ ನೀರು,
ಯಾರೋ ಲೆಮುಯೆಲ್‌ನ ಬಾಯಿಗೆ ಸ್ಪ್ಯಾನರ್ ಬೀಸಿದರು.
ಮೇಲಿನ ಎರಡು ಹಲ್ಲು.
ಮೂರನೇ ಟ್ರಾಂಬೋನು ಅವನು. ಮನೆಯಲ್ಲಿ ಆರು ಜನ.
ಎತ್ತರದ ಸ್ವರಗಳು ತುಟಿಯಿಂದ ಜಾರಿಹೋಗುತ್ತಿದ್ದವು.
ಬೇರೆಯವನನ್ನು ಹುಡುಕು ಎಂದ ಮ್ಯಾನೇಜರ್.
ಪ್ರೂಯಿಟ್ ಏನೂ ಹೇಳಲಿಲ್ಲ. ಮರುವಾರದ ಹಾಳೆಯಲ್ಲಿ
ಮೂರನೇ ಟ್ರಾಂಬೋನು ತಗ್ಗಿಗಿಳಿದಿತ್ತು,
ನೆಲಮಾಳಿಗೆಯಲ್ಲಿ ದೀಪ ಹಿಡಿದು ನಡೆಯುವವನಂತೆ.
ಮೇಲೆ ತೆರವಾದ ಜಾಗದಲ್ಲಿ ಯಾರನ್ನೂ ಕೂರಿಸಿರಲಿಲ್ಲ.
ಕ್ಲಾರಿನೆಟ್ಟು, ಬಾಯಿ ಮುಚ್ಚಿದ ಟ್ರಂಪೆಟ್ಟು
ಅದರ ಸುತ್ತ ಸುಳಿಯುತ್ತಿದ್ದವು, ಒಳಗೆ ಕಾಲಿಡದೆ.

ಮರೆತಿದ್ದಾನೆಂದುಕೊಂಡು ನಾನೇ ಸ್ವರ ತುಂಬಿಸಿದೆ,
ಒಂದೇ ಸಲ. ಬ್ಲೇಡಿನಿಂದ ಕೆರೆದು
ಹಾಳೆ ವಾಪಸು ಕಳಿಸಿದ. ತೂತು ಬಿದ್ದಿತ್ತು.

ಪತ್ರಿಕೆಯವರು ಬರೆದರು: ಪ್ರೂಯಿಟ್‌ನ ಶೈಲಿ ಮಾಗಿದೆ,
ಫ್ರೆಂಚರ ಪ್ರಭಾವವಿರಬಹುದು.
ಲೆಮುಯೆಲ್ ಅದನ್ನು ಕತ್ತರಿಸಿ ವಾದ್ಯದ ಪೆಟ್ಟಿಗೆಯೊಳಗೆ ಅಂಟಿಸಿಕೊಂಡ.
‘ನಾನೀಗ ಫ್ರೆಂಚ್ ಕಣೇ, ಡೆಲ್ಫೀನ್,’ ಎಂದು ನಕ್ಕ,
ಬಾಯಿಗೆ ಕೈ ಅಡ್ಡ ಹಿಡಿದು.

ಹೀಗೇ ಇಪ್ಪತ್ತು ವರ್ಷ.
ಆರ್ವಿಲ್‌ನ ದಮ್ಮಿಗೆ ಚಿಕ್ಕ ಚಿಕ್ಕ ವಾಕ್ಯ.
ಡ್ರಮ್ಮಿನ ಕ್ಲೀಟಸ್‌ಗೆ ಮಣಿಕಟ್ಟು ಊದಿದ ಚಳಿಗಾಲ
ಒಂದೂ ಅವಸರದ ತಾಳವಿಲ್ಲ.
ಕುಡಿದು ತಡವಾಗಿ ಬರುವ ಮೊದಲ ಟ್ರಂಪೆಟ್ಟಿಗಾಗಿ
ಅವನಿಲ್ಲದೆಯೇ ಶುರುವಾಗುವ ಮೂರು ಕೃತಿ.
ಹಾಳೆ ಬೆಳ್ಳಗಾಗುತ್ತ ಬಂತು.
ಮೌನ ನಕಲು ಮಾಡಿದರೂ ಅದೇ ಹನ್ನೆರಡು ಸೆಂಟು,
ನಾನೇಕೆ ಬೇಡವೆನ್ನಲಿ.

ಬಾಲ್‌ರೂಮುಗಳು ಬೌಲಿಂಗ್ ಅಂಗಳಗಳಾದವು. ಬಸ್ಸು ಮಾರಿದೆವು.
ಲೆಮುಯೆಲ್ ಐವತ್ತೆಂಟರಲ್ಲಿ, ಆರ್ವಿಲ್ ಅದರ ಮರುವರ್ಷ.

ಎಪ್ಪತ್ತೆರಡು, ಒಹಾಯೋದ ಒಂದು ಕಾಲೇಜು.
ಹಳೆಯ ಹಾಳೆಗಳನ್ನು ಹರಡಿಕೊಂಡು ಕೂತ ಹುಡುಗರು,
ಎಲ್ಲರಿಗೂ ಎಂಥ ಹಲ್ಲು!
ಮೂರನೇ ಟ್ರಾಂಬೋನಿನವನು ಕೈ ಎತ್ತಿದ:
‘ಸರ್, ಇಲ್ಲಿ ಮೇಲೆ ಎಂಟು ಬಾರ್ ಖಾಲಿ ಇದೆ.
ನಾನು ತಗೊಳ್ಳಲಾ?’

ನಾನು ಪ್ರೂಯಿಟ್‌ನ ಮುಖ ನೋಡಿದೆ.
ಅವನು ನೋಡುತ್ತಿದ್ದುದು ಹುಡುಗನ ಬಾಯನ್ನು,
ದರ್ಜಿ ಹೆಗಲಿನ ಅಳತೆಯನ್ನು ಕಣ್ಣಲ್ಲೇ ತೆಗೆಯುವಂತೆ.
‘ನುಡಿಸು.’
ನುಡಿಸಿದ. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು.
ಸುತ್ತ ಸುಳಿಯುತ್ತಿದ್ದ ಕ್ಲಾರಿನೆಟ್ಟುಗಳ ನಡುವೆ
ಯಾರೋ ಕೊನೆಗೂ ಬಂದು ಕೂತ ಹಾಗೆ.

‘ಬರ್ಕೊಂಬಿಡು ಡೆಲ್ಫೀನ್,’ ಎಂದ, ತಿರುಗಿ ನೋಡದೆ,
ಆಗಲೇ ಮುಂದಿನ ಪುಟದಲ್ಲಿ ಏನೋ ಬದಲಿಸುತ್ತ.

ಮಸಿ ಇತ್ತು. ಲೇಖನಿ ಇತ್ತು.
ಪೆನ್ಸಿಲಿನಲ್ಲಿ ಬರೆದೆ.