ಗೇಟು ಬಿದ್ದಾಗ

ಮಹಾಕಾಳಿಪಡ್ಪು ಗೇಟಿನಲ್ಲಿ ನನ್ನದು
ಒಂದು ಕುರ್ಚಿ, ಒಂದು ಫೋನು, ಎರಡು ಬಾವುಟ.
ಸಂಜೆ ಮಾವೇಲಿಗೆಂದು ಗೇಟು ಹಾಕಿದರೆ
ಬಾಯಿಗೆ ಬಂದದ್ದು ಬೈಯುತ್ತಾರೆ ರಿಕ್ಷಾದವರು.
ಬೈಯದವನು ಒಬ್ಬನೇ, ಬೊನವೆಂಚರ್ ಪಿಂಟೊ.
ಸೈಕಲ್ಲಿನ ಹಿಂದೆ ಲಾಡ್ಜಿನ ಬಿಳಿ ಚಾದರಗಳ ಗಂಟು,
ಇಸ್ತ್ರಿಯ ಬಿಸಿ ಇನ್ನೂ ಆರಿರುವುದಿಲ್ಲ.

ಒಂದು ಕಾಲು ನೆಲಕ್ಕೂರಿ ಶುರುಮಾಡುತ್ತಾನೆ:
"ಅಲ್ಲಿ, ಅಲಾಸ್ಕದಲ್ಲಿ, ರೈಲಿಗೆ ಗೇಟೇ ಇಲ್ಲ ಮಾರಾಯ.
ಯಾರಿಗೆ ಹಾಕುವುದು? ಕರಡಿಗಾ?"

ಏಳು ಸೀಸನ್ನು ಹಡಗಿನಲ್ಲಿದ್ದವನು.
ಮೇಲೆ ಡೆಕ್ಕಿನಲ್ಲಿ ದುರ್ಬೀನು ಹಿಡಿದ ಜನ
ಹಿಮನದಿ ಒಡೆದು ಬೀಳುವುದಕ್ಕೆ ಕಾಯುತ್ತಿದ್ದರೆ
ಇವನು ನೀರಿನ ಮಟ್ಟದ ಕೆಳಗೆ, ಕಿಟಕಿಯಿಲ್ಲದ ಲಾಂಡ್ರಿಯಲ್ಲಿ,
ದಿನಕ್ಕೆ ಎರಡು ಸಾವಿರ ಚಾದರ.
ದೊಡ್ಡ ತುಂಡು ಬಿದ್ದರೆ ಮೇಲೆ ಹೋ ಎನ್ನುವ ಸದ್ದು,
ಕೆಳಗೆ ಸೋಪಿನ ಡಬ್ಬದಲ್ಲಿ ಸಣ್ಣದೊಂದು ನಡುಕ.

ಒಂದೇ ಒಂದು ದಿನ ರಜೆ ಸಿಕ್ಕಿತಂತೆ,
ಸಿಬ್ಬಂದಿಗೆಂದು ಉಳಿದ ಒಂದು ಟಿಕೇಟು.
ಹಳೇ ಮರದ ಡಬ್ಬಿ, ಬೆಂಚಿಗೆ ವೆಲ್ವೆಟ್ಟು,
ಮೂಲೆಯಲ್ಲಿ ಉರಿಯುವ ಒಲೆ.
"ಬಂದರಿನಿಂದ ಹೊರಟು ನೆಟ್ಟಗೆ ಬೆಟ್ಟಕ್ಕೆ,
ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ..."
ಅಷ್ಟರಲ್ಲಿ ಮಾವೇಲಿ ಬಂತು.
ಅದರ ಸದ್ದಿನೊಳಗೆ ಅವನ ಬಾಯಿ ಆಡುತ್ತಲೇ ಇತ್ತು,
ನಾನು ಹಸಿರು ಬಾವುಟ ಹಿಡಿದು ನಿಂತಿದ್ದೆ.
ಗೇಟು ಎತ್ತಿದೆ. ಹೋದ.

ಮಾರನೆಯ ದಿನ ಮರದ ಸೇತುವೆಯವರೆಗೆ ಬಂತು ಕತೆ.
ಅದರಾಚೆ ದಿನ ಸುರಂಗ.
ಒಮ್ಮೆ ಗೂಡ್ಸು, ತೆವಳುತ್ತ, ಐವತ್ತೆಂಟು ವ್ಯಾಗನ್ನು,
ಅವತ್ತು ಹಿಮದ ಬುಡಕ್ಕೇ ಕರೆದೊಯ್ದ:
"ಅದು ಬಿಳಿಯಲ್ಲ, ಗೊತ್ತುಂಟಾ? ಒಳಗೆ ನೀಲಿ.
ನಾವು ಕೊನೇ ನೀರಿಗೆ ಹಾಕುತ್ತೇವಲ್ಲ, ಆ ನೀಲಿ."
ರಾತ್ರಿ ಹೆಂಡತಿಗೆ ಹೇಳಿದೆ. ಪಕ್ಕದಲ್ಲಿ ಕೇಳುತ್ತಿದ್ದ ಮಗಳು
ಡ್ರಾಯಿಂಗ್ ಪುಸ್ತಕದಲ್ಲಿ ಬೆಟ್ಟ ಬರೆದು
ನೀಲಿಯ ಬಾಟಲಿಯನ್ನೇ ಬಗ್ಗಿಸಿಬಿಟ್ಟಳು.
ಪುಟ ಒಣಗಲು ಎರಡು ದಿನ ಹಿಡಿಯಿತು.

ಸೋಣ ತಿಂಗಳ ಒಂದು ಸಂಜೆ ನೇತ್ರಾವತಿ ಸೇತುವೆಯ ಹತ್ತಿರ
ಸಿಗ್ನಲ್ ಕೆಟ್ಟು ಗೇಟು ನಲವತ್ತು ನಿಮಿಷ ಬಿದ್ದೇ ಇತ್ತು.
ಎಲ್ಲರೂ ಗಾಡಿ ತಿರುಗಿಸಿಕೊಂಡು ಹೋದರು.
ಕತೆಗೆ ಬೇಕಾದಷ್ಟು ಹೊತ್ತು. ಅವನು ಸುಮ್ಮನಿದ್ದ.
ಗಂಟಿಗೆ ಪ್ಲಾಸ್ಟಿಕ್ ಹೊದಿಸಿದ, ತೆಗೆದ, ಮತ್ತೆ ಹೊದಿಸಿದ.
ಆಮೇಲೆ ಹಳಿ ನೋಡುತ್ತ ಹೇಳಿದ:
"ನಿದ್ದೆ ಬಂದುಬಿಟ್ಟಿತು ಮಾರಾಯ.
ಹದಿನಾಲ್ಕು ಗಂಟೆ ದುಡಿದು ಹತ್ತಿದ್ದು. ಒಲೆ ಬೆಚ್ಚಗಿತ್ತು.
ಮೊದಲ ತಿರುವು ನೋಡಿದ್ದು ನೆನಪು.
ಎಚ್ಚರಾದಾಗ ರೈಲು ವಾಪಸು ಬಂದರಿನಲ್ಲಿ.
ಪಕ್ಕದ ಮುದುಕಿ ತನ್ನ ಕೋಟು ನನಗೆ ಹೊದಿಸಿದ್ದಳು.
ಕಿಟಕಿಯಲ್ಲಿ ನನ್ನ ಉಸಿರು, ಹಣೆಯ ಗುರುತು."

"ಸೇತುವೆ?" ಎಂದೆ.
"ಪೋಸ್ಟ್ ಕಾರ್ಡಿನಲ್ಲಿತ್ತು."
"ಸುರಂಗ?"
"ಕತ್ತಲಾದದ್ದು ಮುಚ್ಚಿದ ಕಣ್ಣಿಗೂ ಗೊತ್ತಾಗುತ್ತದೆ."
ನೀಲಿಯ ಬಗ್ಗೆ ನಾನು ಕೇಳಲಿಲ್ಲ.

ನಾನಾದರೂ ಏನು, ಹತ್ತೊಂಬತ್ತು ವರ್ಷ ರೈಲಿನ ಬದಿಗೆ ನಿಂತವನು,
ಕಂಡದ್ದು ಬೋಗಿಯ ಪಕ್ಕೆಲುಬು, ಕಿಟಕಿಯ ಕೈಗಳು.

ಕೊನೆಗೆ ಬಂತು ರೈಲು. ಪಾರ್ಸೆಲ್ ಡಬ್ಬಿಯಿಂದ
ಮೀನಿನ ಪೆಟ್ಟಿಗೆಯ ಐಸು ಹಳಿಯುದ್ದ ತೊಟ್ಟಿಕ್ಕುತ್ತಿತ್ತು.
ಒಂದು ಚೂರು, ಬೆರಳಿನಷ್ಟು, ಜಲ್ಲಿಯ ಮೇಲೆ ಬಿತ್ತು.
ಗೇಟು ಎತ್ತುವ ಮೊದಲೇ ಬಗ್ಗಿ ಒಳಗೆ ಬಂದ.
ಗದರಿಸಬೇಕಿತ್ತು ನಾನು, ನಿಯಮ ಉಂಟು.
ಎತ್ತಿಕೊಂಡ. ಟಾರ್ಚು ಹಾಕು ಅಂದ.
ಹಾಕಿದೆ.
ಬಂಗುಡೆಯ ವಾಸನೆ. ತಲೆಗೆ ತಲೆ ತಾಗಿಸಿ
ಇಬ್ಬರೂ ಅದರೊಳಗೆ ನೋಡುತ್ತಿದ್ದೆವು.
ಯಾವುದೋ ರಿಕ್ಷಾ ಆಗಲೇ ಬಂದು ಹಾರ್ನ್ ಹೊಡೆಯುತ್ತಿತ್ತು.