ರಸೀದಿ ನಂಬರು ನಲವತ್ತೊಂದು

ಉರಾಹಾಮಾದಲ್ಲಿ ಇಳಿಯುವವರು ಕಡಿಮೆ.
ಒಂದೇ ಬೋಗಿಯ ರೈಲು, ನಾಲ್ಕು ಹನ್ನೆರಡಕ್ಕೆ ಬಂದು
ಉಸ್ಸೆಂದು ಬಾಗಿಲು ತೆರೆದು, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೂ
ಒಂದು ನಿಮಿಷ ಕಾಯುತ್ತದೆ, ಮರ್ಯಾದೆಗೆ.

ಆ ದಿನ ಒಬ್ಬಳು ಇಳಿದಳಂತೆ.
ಮೀನಂಗಡಿಯ ಹಿರಾನುಮಾ ಅಜ್ಜಿ ಫೋನು ಮಾಡಿ
"ನಿಮ್ಮಕ್ಕನ ನಡಿಗೆಯವಳೊಬ್ಬಳು ಬರ್ತಿದಾಳೆ, ಮುಖ ಕಾಣಲಿಲ್ಲ" ಅಂದಳು.
ಇಸ್ತ್ರಿ ಪೆಟ್ಟಿಗೆ ಎತ್ತುವುದನ್ನು ನಾನು ಮರೆತೆ.
ಡಾಕ್ಟರ ಬಿಳಿ ಅಂಗಿಯ ಮೇಲೆ
ಹಳದಿ ದೋಣಿಯೊಂದು ಮೂಡಿತು.

ಹನ್ನೊಂದು ವರ್ಷ.
ಏನು ಹೇಳಬೇಕೆಂದು ಎಷ್ಟು ಸಲ ಉರುಹೊಡೆದಿದ್ದೆ,
ಹಬೆಯ ಯಂತ್ರದ ಮುಂದೆ, ಬಾಯಿಬಿಟ್ಟು, ಯಾರಿಗೂ ಕೇಳದಂತೆ.
ಅಮ್ಮನ ಕೊನೆಗಾಲಕ್ಕೂ ಬರಲಿಲ್ಲವಲ್ಲ ಎಂಬುದು ಮೊದಲನೆಯದು.
ಉಳಿದವು ಅದರ ಮಕ್ಕಳು ಮರಿಗಳು.

ಬಾಗಿಲ ಗಂಟೆ ಕಿಣಿಗುಟ್ಟಿತು.
ರಿತ್ಸು ಅಕ್ಕ ಹೆಗಲ ಹಿಮ ಒದರಿದಳು, ಹೊರಗಲ್ಲ, ಒಳಗೆ ಬಂದು;
ಅದೂ ಬದಲಾಗಿಲ್ಲ.
ಕೌಂಟರಿನ ಈಚೆ ನಾನು, ಆಚೆ ಅವಳು.
ಗಿರಾಕಿಯ ಹಾಗೆ ನಿಂತು, ಪರ್ಸಿನೊಳಗಿಂದ
ನಾಲ್ಕಾಗಿ ಮಡಿಸಿದ ಕಾಗದ ತೆಗೆದು ನನ್ನತ್ತ ಸರಿಸಿದಳು:
ಚಳಿಗಾಲದ ಕೋಟು, ಕಡುನೀಲಿ, ಒಂದು. ನಂಬರು ನಲವತ್ತೊಂದು.
ಅಮ್ಮನ ಅಕ್ಷರ. ಶಾಯಿ ಚಹಾದ ಬಣ್ಣಕ್ಕೆ ತಿರುಗಿದೆ.
ಹೆತ್ತ ಮಗಳಿಗೂ ರಸೀದಿ ಕೊಡುತ್ತಿದ್ದಳು ಅಮ್ಮ; ಲೆಕ್ಕ ಲೆಕ್ಕವೇ.

"ಒಂದು ವರ್ಷ ದಾಟಿದರೆ ಅಂಗಡಿಯವರು ಜವಾಬ್ದಾರರಲ್ಲ,"
ಗೋಡೆಯ ಹಲಗೆ ತೋರಿಸಿ ನಾನೆಂದೆ.
"ಗೊತ್ತು," ಅಂದಳು. "ಅದನ್ನ ಬರೆದವಳೇ ನಾನು."
ಹೌದು. ಹದಿನಾಲ್ಕರ ಹುಡುಗಿಯ ದುಂಡು ಅಕ್ಷರ.
ಬಣ್ಣದ ಡಬ್ಬಿ ಹಿಡಿದುಕೊಂಡಿದ್ದವಳು ನಾನು.

ಉರುಹೊಡೆದದ್ದೆಲ್ಲ ಎಲ್ಲಿ ಹೋಯಿತೋ.
ಸೀಮೆಎಣ್ಣೆ ಒಲೆಯ ಮೇಲೆ ಕೆಟಲು ಮುಚ್ಚಳ ಕುಣಿಸುತ್ತಿತ್ತು.
ಇಬ್ಬರೂ ಅದನ್ನೇ ನೋಡಿದೆವು.

ಕೋಟು ಸಾಲಿನಲ್ಲಿರಲಿಲ್ಲ.
ನಾನು ಹೇಳುವ ಮೊದಲೇ ಹಿಂದಿನ ಬಾಗಿಲು ದಡಾರೆಂದಿತು,
ಶಾಲೆಯಿಂದ ಕಯೊ ಬಂದಳು. ಅಕ್ಕ ಹೋದಾಗ
ಮುಂದಿನೆರಡು ಹಲ್ಲಿಲ್ಲದವಳು, ಈಗ ಬಾಗಿಲಿಗೆ ತಲೆ ಬಗ್ಗಿಸುವವಳು,
ಕಡುನೀಲಿ ಕೋಟಿನಲ್ಲಿ.
ತೋಳಿನ ಅಂಚು ಬಿಚ್ಚಿ ಎರಡು ಸಲ ಉದ್ದ ಮಾಡಿದ್ದೆ;
ಹಳೆಯ ಮಡಿಕೆಗಳ ಗೆರೆ ಇನ್ನೂ ಮಾಸಿರಲಿಲ್ಲ.
ಗುಂಡಿಗಳಲ್ಲಿ ಒಂದು ಹಸಿರು.

ಕಯೊ ಅಕ್ಕನನ್ನು ನೋಡಿದಳು. ಕಾಗದವನ್ನು ನೋಡಿದಳು.
"ಇವತ್ತು ಕೊಡಕ್ಕಾಗಲ್ಲ," ಅಂದಳು, "ಹೊರಗೆ ಹಿಮ."
ಮೊದಲು ಯಾರು ನಕ್ಕರೋ ಗೊತ್ತಿಲ್ಲ.
ನಾನಲ್ಲ. ನಾನು ಸುಟ್ಟ ಅಂಗಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ,
ಅದಕ್ಕೂ ಡಾಕ್ಟರಿಗೆ ಲೆಕ್ಕ ಕೊಡಬೇಕು.

ರಾತ್ರಿ ಮೂಲಂಗಿ, ಮೀನು. ಅಕ್ಕಿ ಅಳೆಯುವಾಗ
ಕೈ ರೂಢಿಯಂತೆ ಎರಡು ಲೋಟಕ್ಕೆ ನಿಂತಿತು;
ಹಿಂದಿನಿಂದ ಅಕ್ಕ, "ನಾನು ಈಗಲೂ ಜಾಸ್ತಿ ಉಣ್ತೀನಿ" ಅಂದಳು.
ಎಲ್ಲಿದ್ದೆ, ಯಾಕೆ ಬರಲಿಲ್ಲ, ಎಷ್ಟು ದಿನ ಇರ್ತೀಯ,
ಮೂರನ್ನೂ ತಟ್ಟೆಯ ಅಂಚಿಗಿಟ್ಟೆ, ಮುಳ್ಳಿನ ಹಾಗೆ.
ಅಮ್ಮನ ಫೋಟೋದ ಮುಂದೆ ಅವಳು ತುಂಬ ಹೊತ್ತು ಕೂತಿದ್ದಳು.
ನಾವು ಟೀವಿಯ ಸದ್ದು ಸ್ವಲ್ಪ ಏರಿಸಿದೆವು.

ಬೆಳಿಗ್ಗೆ ಕಯೊ ಕೋಟು ತೊಟ್ಟು ಹೊಸಿಲಲ್ಲಿ ನಿಂತು
"ಹೋಗಿ ಬರ್ತೀನಿ" ಅಂದಳು.
ಒಳಗಿಂದ ಎರಡು ದನಿ ಒಟ್ಟಿಗೆ "ಹೋಗಿ ಬಾ" ಅಂದವು,
ಒಂದು ನನ್ನದು, ಇನ್ನೊಂದು ಇನ್ನೂ ಹಾಸಿಗೆಯಲ್ಲಿತ್ತು.
ಕೌಂಟರಿನ ಮೇಲೆ ಹೊಸ ರಸೀದಿ: ಕಡುನೀಲಿ ಕೋಟು, ಒಂದು.
ವಾಪಸು ಕೊಡುವ ದಿನದ ಜಾಗದಲ್ಲಿ ಕಯೊ ಬರೆದಿದ್ದಾಳೆ:
ಹಿಮ ಕರಗಿದ ಮೇಲೆ.
ಇಲ್ಲಿ ಅದು ಏಪ್ರಿಲ್ಲಿಗೆ ಮುಂಚೆ ಕರಗುವುದಿಲ್ಲ.